ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ಪ್ರಾರ್ಥನೆಗೂ ಕ್ರೆಡಿಟ್ಟಾ ಸರ್?

ಮಾನ್ಯ ಸಚಿವರೇ,

ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಕಾಫಿ ತೋಟ ಇದೆ. ಮಗಳು ಹೊರ ಜಿಲ್ಲೆಯಲ್ಲಿ ಚರ್ಚ್ ನಡೆಸುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಅದರ ಹೆಸರು ಬರೆಯುವುದಿಲ್ಲ. ಅವಳಿಗೆ ಇನ್ನೂ ಎರಡು ಸೆಮಿಸ್ಟರ್ ಬಾಕಿ ಇದೆ, ನಿಮಗೆ ಅರ್ಥವಾಗುತ್ತದೆ.

ಕಳೆದ ಹುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಊರಿಗೆ ಬಂದಿದ್ದಳು. ರಾತ್ರಿ ಎಲ್ಲರೂ ಗದ್ದೆಗಿಳಿದು, ‘ಪೊಲಿ ಪೊಲಿಯೇ ದೇವಾ’ ಎಂದು ಕೂಗಿ, ಕದಿರು ತೆಗೆದು ಕುಟುಂಬದ ಹಿರಿಮನೆಯಾದ ಐನ್‌ಮನೆಗೆ ತಂದೆವು. ಮಾರನೇ ದಿನ ಕಾಫಿ ಕುಡಿಯುತ್ತಾ ಮೊಬೈಲ್ ತೋರಿಸಿದಳು. ಎರಡು ದಿನ ಗೈರುಹಾಜರಿ ಬಿದ್ದಿತ್ತು. ಹೋಗಲಿ, ನಿಯಮ ನಿಯಮವೇ ಎಂದೆ. ಅದರ ಕೆಳಗೇ ಇನ್ನೊಂದು ಸಾಲು ಕಾಣಿಸಿತು: ಮೂರು ದಿನದ ರಿಟ್ರೀಟ್, ಪೂರ್ತಿ ಹಾಜರಿ, 1 ಕ್ರೆಡಿಟ್.

‘ಇದೇನಿದು?’ ಎಂದು ಕೇಳಿದೆ.

‘ಪ್ರಾರ್ಥನೆ, ಹಾಡು, ಫಾದರ್ ಭಾಷಣ ಅಪ್ಪ. ಎಲ್ರೂ ಹೋಗ್ಲೇಬೇಕು. ಆ ವಾರ ಕೆಮಿಸ್ಟ್ರಿ ಲ್ಯಾಬ್ ಇರ್ಲಿಲ್ಲ.’

ಒಂದು ಕ್ರೆಡಿಟ್ ಅಂದರೆ ಒಂದು ಸೆಮಿಸ್ಟರಿಗೆ 15 ಗಂಟೆ ಪಾಠ. ಲ್ಯಾಬ್ ಆದರೆ 30 ಗಂಟೆ. ಆಸಿಡ್ ಹಿಡಿದು ನಿಂತು ಗಳಿಸುವುದೂ ಕಣ್ಣು ಮುಚ್ಚಿ ಕೂತು ಗಳಿಸುವುದೂ ಅಂಕಪಟ್ಟಿಯಲ್ಲಿ ಒಂದೇ ಆಗಿಬಿಟ್ಟರೆ ಆ ಅಂಕಪಟ್ಟಿಯನ್ನು ಯಾರು ನಂಬುತ್ತಾರೆ?

ಚರ್ಚಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರಿನ ಸಂತ ಅನ್ನಮ್ಮ ಚರ್ಚ್ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. ನಾನೂ ಕಾನ್ವೆಂಟಿನಲ್ಲೇ ಓದಿದವನು. ಕ್ಯಾಥೊಲಿಕ್ ಮಕ್ಕಳು ಕೆಟಕಿಸಂ ಎಂಬ ಧರ್ಮಪಾಠಕ್ಕೆ ಹೋದರೆ ನಾವು ಪಕ್ಕದ ಕೋಣೆಯಲ್ಲಿ ಮಾರಲ್ ಸೈನ್ಸ್‌ಗೆ ಕೂರುತ್ತಿದ್ದೆವು. ಲೆಕ್ಕ ತಪ್ಪಿದರೆ ಸಿಸ್ಟರ್ ಸ್ಕೇಲು ಗೆಣ್ಣಿನ ಮೇಲೆ ಬೀಳುತ್ತಿತ್ತು, ನಿಜ. ಆದರೆ ಪ್ರಾರ್ಥನೆಗೆ ಮೊಣಕಾಲೂರು ಎಂದು ಒಂದು ದಿನವೂ ಹೇಳಿದವರಲ್ಲ. ಕಿಟ್ಟೆಲ್ ಅವರನ್ನೇ ನೋಡಿ. ಬಾಸೆಲ್ ಮಿಷನ್ನಿನ ಪಾದ್ರಿ, ಮಡಿಕೇರಿಯಲ್ಲೂ ಇದ್ದವರು. 1872ರಲ್ಲಿ ಅಚ್ಚಿಗೆ ಕೊಟ್ಟಿದ್ದು ಜೈನ ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣ. 1894ರಲ್ಲಿ ನಿಘಂಟು. ಚರ್ಚಿನ ನಂಟು ಇದ್ದರೆ ವಿದ್ಯೆ ಕೆಡುತ್ತದೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ಕೊಡಲೇಬೇಕು. ಆದರೆ ಓದಿನ ಗುಣಮಟ್ಟ ಕಾಯಲು ಸರ್ಕಾರ ನಿಯಮ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠದಲ್ಲೇ ಹೇಳಿದೆ. 28(3)ನೇ ವಿಧಿ ಇನ್ನೂ ನೇರವಾಗಿದೆ: ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಒಪ್ಪಿಗೆ ಎಲ್ಲಿದೆ ಅಂತೀರಾ? ನಾನೇ ಕೊಟ್ಟಿದ್ದೇನೆ! ಅಡ್ಮಿಷನ್ ದಿನ ಕೌಂಟರಿನವರು ಪುಟ ತಿರುವುತ್ತಾ ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿದೆ. ‘ಸಂಸ್ಥೆಯ ಎಲ್ಲ ಕಾರ್ಯಕ್ರಮಗಳಲ್ಲಿ ಭಾಗವಹಿಸುವಳು’ ಎಂಬ ಸಾಲು ಅದರಲ್ಲೇ ಇತ್ತು. ಹಿಂದೆ ಉದ್ದ ಕ್ಯೂ, ಅವಳಿಗೆ ಆಗ 17.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ನೋಡಿಕೊಳ್ಳುತ್ತದೆ ಎನ್ನಬೇಡಿ. 2025ರಲ್ಲಿ ಅದರ ಪರಿಶೀಲನಾ ತಂಡದವರನ್ನೇ ಲಂಚದ ಕೇಸಿನಲ್ಲಿ ಸಿಬಿಐ ಹಿಡಿಯಿತು.

ರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳು ಹುಟ್ಟುವುದು ನೀವು ಸದನದಲ್ಲಿ ಪಾಸು ಮಾಡುವ ಕಾಯ್ದೆಯಿಂದ. ಧಾರ್ಮಿಕ ಕಾರ್ಯಕ್ರಮಕ್ಕೆ ಕ್ರೆಡಿಟ್ ಬೇಡ, ಹಾಜರಿಯೂ ಬೇಡ ಎಂದು ಆ ಕಾಯ್ದೆಗಳಿಗೆ ಸೇರಿಸಿ. ಒಪ್ಪಿಗೆ ಪತ್ರ ಬೇರೆ ಹಾಳೆಯಲ್ಲಿ, ಕನ್ನಡದಲ್ಲಿ ಇರಲಿ. ‘ಬರಲ್ಲ’ ಎಂದವರ ಅಂಕ ಕಡಿಮೆಯಾಗಬಾರದು. ಮಠಗಳು ನಡೆಸುವ ವಿಶ್ವವಿದ್ಯಾಲಯಗಳಿಗೂ ಇದೇ ನಿಯಮ ಇರಬೇಕು, ಇಲ್ಲದಿದ್ದರೆ ನನ್ನ ಈ ಪತ್ರ ಹರಿದು ಬಿಸಾಡಿ.

ಹಾಗೇ ಚಿಕ್ಕ ಅಳುವಾರದಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯ, ನಮ್ಮ ಕೊಡಗು ವಿಶ್ವವಿದ್ಯಾಲಯವನ್ನೂ ಉಳಿಸಿ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ನಿಮ್ಮ ಸರ್ಕಾರದಿಂದಲೇ ಬಂತು. ಅದೂ ಹೋದರೆ ನಮ್ಮ ಮಕ್ಕಳಿಗೆ ಫಾದರ್ ಇಲ್ಲವೇ ಸ್ವಾಮೀಜಿ, ಅಲ್ವಾ?

ಈ ವರ್ಷದ ರಿಟ್ರೀಟಿನ ಸುತ್ತೋಲೆ ಮೊನ್ನೆ ಬಂತು. ಪೋಷಕರ ಸಹಿ ಬೇಕಂತೆ. ಟಿ.ವಿ. ಮೇಲೆ ಇಟ್ಟಿದ್ದೇನೆ, ಇನ್ನೂ ಹಾಕಿಲ್ಲ.

ಇತಿ,
ವಿರಾಜಪೇಟೆಯ ಒಬ್ಬ ಅಪ್ಪ