ರಕ್ತ ಬಂದರೆ ಮಾತ್ರ ಕೇಸಾ?

ಮಾನ್ಯ ಸಂಪಾದಕರೇ,

ನಮ್ಮ ಮೇನ್ ರೋಡ್ ಸಿಗ್ನಲ್ ಹತ್ತಿರ ಕಾರಿನವರಿಗೂ ಸೈಕಲ್ ಸವಾರನಿಗೂ ಜಗಳವಾಗಿ ಟ್ರಾಫಿಕ್ ಜಾಮ್ ಆಯಿತು ಎಂಬ ಸುದ್ದಿ ನಿಮ್ಮ ನಗರ ಪುಟದಲ್ಲಿ ಬಂದಿದೆ. ಆ ಸೈಕಲ್ ಸವಾರ ನಾನೇ. ಜಾಮ್ ಆಗಿದ್ದು ನಿಜ. ಜಗಳ ಮಾತ್ರ ಆಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೆನ್ನೆಗೆ ಬಿದ್ದಿತ್ತು. ಕೊನೆಯಲ್ಲಿ ‘ಇಬ್ಬರನ್ನೂ ಸಮಾಧಾನಪಡಿಸಿ ಕಳಿಸಲಾಯಿತು’ ಎಂದೂ ಇದೆ. ಕಾರಿನವರು ಸಮಾಧಾನವಾಗಿಯೇ ಹೋದರು, ಅದರಲ್ಲಿ ಅನುಮಾನ ಇಲ್ಲ.

ಆ ಬೇಕರಿ ತಿರುವಿನಲ್ಲಿ ರಸ್ತೆಯ ಎಡಗಡೆ ಹೇಗಿದೆ ಅಂತ ಅಲ್ಲಿ ಓಡಾಡುವವರಿಗೆಲ್ಲ ಗೊತ್ತು. ಕೇಬಲ್‌ಗೆ ಅಗೆದ ಗುಂಡಿ, ಪಕ್ಕದಲ್ಲಿ ಜಲ್ಲಿ ರಾಶಿ. ಅದನ್ನು ತಪ್ಪಿಸಲು ಸ್ವಲ್ಪ ಬಲಕ್ಕೆ ಬಂದೆ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಆಮೇಲೆ ಕಾರಿನ ಕನ್ನಡಿ ನನ್ನ ಮೊಣಕೈಗೆ ಬಡಿಯಿತು. ಕಾರು ಮುಂದೆ ಹೋಗಿ ಅಡ್ಡ ನಿಂತಿತು. ಇಳಿದು ಬಂದವರು ‘ರೋಡ್ ಟ್ಯಾಕ್ಸ್ ಕಟ್ಟಿದ್ದೀಯೇನೋ’ ಅಂದರು, ಹೊಡೆದರು, ಬಿದ್ದ ಸೈಕಲ್ಲಿನ ಚಕ್ರಕ್ಕೆ ಒದ್ದರು. ನನಗೆ 57 ವರ್ಷ. ಅವರಿಗೆ ನನ್ನ ಮಗನ ವಯಸ್ಸು. ಅಂದ ಹಾಗೆ ನಮ್ಮ ಮನೆಯಲ್ಲೂ ಕಾರಿದೆ, ಟ್ಯಾಕ್ಸೂ ಕಟ್ಟಿದ್ದೇನೆ. ಆ ರಸೀದಿಯನ್ನು ಬೆನ್ನಿಗೆ ಅಂಟಿಸಿಕೊಂಡು ಸೈಕಲ್ ತುಳಿಯಬೇಕಿತ್ತೇನೋ.

ಠಾಣೆಗೆ ಹೋದರೆ ಮೊದಲ ಪ್ರಶ್ನೆ, ‘ರಕ್ತ ಬಂದಿದೆಯಾ ಸಾರ್?’ ಬಂದಿರಲಿಲ್ಲ. ‘ಹಂಗಾದ್ರೆ ಎನ್‌ಸಿಆರ್ ಮಾಡ್ಕೊಡ್ತೀವಿ. ಸುಮ್ನೆ ಯಾಕೆ, ಕಾಂಪ್ರಮೈಸ್ ಆಗಿಬಿಡಿ’ ಅಂದರು. ಎನ್‌ಸಿಆರ್ ಅಂದರೆ ಎಫ್‌ಐಆರ್ ಅಲ್ಲ, ದೂರು ಬರೆದುಕೊಂಡಿದ್ದೇವೆ ಅನ್ನುವ ಒಂದು ಚೀಟಿ. ಅದನ್ನು ಹಿಡಿದುಕೊಂಡು ನಾನು ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕು. ಅವರು ಆದೇಶ ಕೊಟ್ಟರೆ ಮಾತ್ರ ತನಿಖೆ. ಐಪಿಸಿ ಜಾಗಕ್ಕೆ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 115(2)ರಲ್ಲಿ ಹೊಡೆದವರಿಗೆ 1 ವರ್ಷದವರೆಗೆ ಜೈಲು, 10 ಸಾವಿರ ರೂಪಾಯಿವರೆಗೆ ದಂಡ ಇದೆ. ಓದೋಕೆ ಚೆನ್ನಾಗಿದೆ. ಆದರೆ ಅದು ಪೊಲೀಸರು ತಾವಾಗಿ ಕೈಹಾಕುವಂಥ ಅಪರಾಧ ಅಲ್ಲ.

ಪಕ್ಕದ ಮನೆಯ ವಕೀಲರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದೇ ನ್ಯಾಯ ಸಂಹಿತೆಯಲ್ಲಿ ಅಜಾಗರೂಕ ಚಾಲನೆಗೆ ಸೆಕ್ಷನ್ 281, ದಾರಿ ತಡೆದಿದ್ದಕ್ಕೆ 126. ಇವೆರಡಕ್ಕೂ ಪೊಲೀಸರೇ ಎಫ್‌ಐಆರ್ ಹಾಕಬಹುದು. ಅಂಥದ್ದು ಒಂದಿದ್ದರೂ ಸಾಕು, ಇಡೀ ಪ್ರಕರಣವನ್ನೇ ತನಿಖೆಗೆ ತೆಗೆದುಕೊಳ್ಳಬಹುದು ಎಂದು ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 174ರಲ್ಲೇ ಇದೆ. ಅದನ್ನು ಓದಿ ಹೇಳಿದೆ. ‘ನೀವು ಲಾಯರಾ?’ ಅಂದರು. ಅಲ್ಲ ಅಂದೆ. ಮಾತು ಅಲ್ಲಿಗೆ ಮುಗಿಯಿತು. ಕಂಬದಲ್ಲಿ ಕ್ಯಾಮೆರಾ ಇದೆಯಲ್ಲ ಅಂದರೆ, ಆ ಆ್ಯಂಗಲ್‌ನಲ್ಲಿ ಬರಲ್ಲವಂತೆ. ನಮ್ಮ ಹುಡುಗ ಸ್ಟಾಪ್ ಲೈನ್ ಮೇಲೆ ಬೈಕಿನ ಚಕ್ರ ಇಟ್ಟರೆ ಮಾತ್ರ ಫೋಟೊ ಸಮೇತ ದಂಡ ಮೊಬೈಲಿಗೆ ಬರುತ್ತದೆ. ಆ ಆ್ಯಂಗಲ್ ಬಹಳ ಚೆನ್ನಾಗಿ ಕಾಣುತ್ತದೆ.

ಆಮೇಲಿನ ಅಲೆದಾಟ ಕೇಳಬೇಡಿ. ಗಾಯಕ್ಕೆ ಡಾಕ್ಟರು ಕೊಡುವ ವೂಂಡ್ ಸರ್ಟಿಫಿಕೇಟ್‌ಗೆ ಆಸ್ಪತ್ರೆಯಲ್ಲಿ ಸಾಲು. ಊದಿದ ಮೊಣಕೈಯನ್ನು ಡಾಕ್ಟರು ನೋಡುವ ಹೊತ್ತಿಗೆ ಊತ ಇಳಿದಿತ್ತು. ರಿಮ್ ಸೊಟ್ಟಗಾಗಿದೆ. ಸೈಕಲ್ ಶಾಪಿನವನು ಈ ಮಾಡೆಲ್‌ಗೆ ರಿಮ್ ಬರ್ತಿಲ್ಲ, ಹೊಸ ಸೈಕಲ್ಲೇ ತಗೊಳ್ಳಿ ಅನ್ನುತ್ತಾನೆ. ಆಫೀಸಿಗೆ ಈಗ ಆಟೊ. ಮೀಟರ್ ಮೇಲೆ ಎಷ್ಟು ಕೇಳುತ್ತಾರೆ ಅಂತ ಬರೆಯಲು ಇನ್ನೊಂದು ಪತ್ರವೇ ಬೇಕು. ಸಕ್ಕರೆ ಕಾಯಿಲೆಗೆ ಸೈಕಲ್ ತುಳಿಯಿರಿ ಅಂದವರೂ ಡಾಕ್ಟರೇ. ‘ಈ ವಯಸ್ಸಲ್ಲಿ ಸೈಕಲ್ ಬೇಕಿತ್ತಾ’ ಅಂತ ಮನೆಯವರು ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಕೇಳುತ್ತಿದ್ದಾರೆ.

ನಮ್ಮ ಕಾನೂನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸತ್ತವರಿಗೆ ಚೆನ್ನಾಗಿಯೇ ಇದೆ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಪರಿಹಾರ. ವಾಹನ ಸಿಕ್ಕರೆ ಥರ್ಡ್ ಪಾರ್ಟಿ ವಿಮೆ ಇದೆ, ಟ್ರಿಬ್ಯೂನಲ್ ಇದೆ. ಕಪಾಳಕ್ಕೆ ಮಾತ್ರ ಇನ್ನೂ ದರ ನಿಗದಿಯಾಗಿಲ್ಲ. ಒಂದು ರಿಮ್ಮಿನ ದುಡ್ಡಿಗಾಗಿ ಯಾವ ವಕೀಲರು ಕೋರ್ಟಿಗೆ ಬರುತ್ತಾರೆ? ಬಂದರೂ ಅವರ ಫೀಸಿನಲ್ಲಿ ಹೊಸ ಸೈಕಲ್ಲೇ ಬರುತ್ತದಲ್ಲ! ಹೊಡೆಯುವವರಿಗೂ ಈ ಲೆಕ್ಕ ಗೊತ್ತಿದೆ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2008ರಲ್ಲಿ ಒಬ್ಬ ಡಾಕ್ಟರು ಇಬ್ಬರು ಸೈಕಲ್ ಸವಾರರ ಮುಂದೆ ಬೇಕಂತಲೇ ಬ್ರೇಕ್ ಹಾಕಿದ. ಅವನಿಗೆ 5 ವರ್ಷ ಜೈಲಾಯಿತು. 2011ರಲ್ಲಿ ಆ ನಗರದವರು ಬೇರೆ ಕಾನೂನೇ ಮಾಡಿದರು. ಸೈಕಲ್ ಸವಾರನಿಗೆ ಹೊಡೆದರೆ, ಹೆದರಿಸಿದರೆ ಅವನು ನೇರವಾಗಿ ಸಿವಿಲ್ ದಾವೆ ಹಾಕಬಹುದು. ಗೆದ್ದರೆ ನಷ್ಟದ ಮೂರು ಪಟ್ಟು ಅಥವಾ 1,000 ಡಾಲರ್, ಯಾವುದು ಜಾಸ್ತಿಯೋ ಅದು. ವಕೀಲರ ಫೀಸೂ ಎದುರಿನವನದೇ. ನನಗೆ ಹೊಟ್ಟೆ ಉರಿದದ್ದು ಈ ಫೀಸಿನ ವಿಷಯಕ್ಕೆ.

ನಮ್ಮಲ್ಲಿ? ನಡೆದು ಹೋಗುವವರ, ಸೈಕಲ್ ತುಳಿಯುವವರ ಹಕ್ಕಿಗೆ ಅಂತ ರಾಜ್ಯ ಸರ್ಕಾರದ ನಗರ ಭೂಸಾರಿಗೆ ನಿರ್ದೇಶನಾಲಯ ಒಂದು ಮಸೂದೆಯ ಕರಡು ಮಾಡಿ ವರ್ಷಗಳೇ ಆದವು. ಅದು ಯಾವ ಕಪಾಟಿನಲ್ಲಿದೆಯೋ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥ ಅಂತ ಗೂಟ ನೆಟ್ಟರು. ಬೈಕಿನವರು ಅದರೊಳಗೇ ನುಗ್ಗಿದರು, ಗೂಟಗಳು ಮುರಿದವು. ಜಯನಗರದ ಸೈಕಲ್ ಪಥದಲ್ಲಿ ಕಾರುಗಳು ನಿಂತವು. ಒಂದು ಪಾಲಿಕೆ ಹೋಗಿ ಐದು ಬಂದವು, ನಮ್ಮ ಬೀದಿಯ ಮೋರಿಗೆ ಚಪ್ಪಡಿ ಮಾತ್ರ ಬರಲಿಲ್ಲ. ಅದರ ಬಗ್ಗೆ ಹಿಂದೆಯೂ ಬರೆದಿದ್ದೆ, ನೀವು ಹಾಕಲಿಲ್ಲ. ಪಾಲಿಕೆಗೆ ಫೋನ್ ಮಾಡಿದರೆ ಸಾಹೇಬರು ಮೀಟಿಂಗ್‌ನಲ್ಲಿರುತ್ತಾರೆ. ಸೈಕಲ್ ದಿನ ಬಂದಾಗ ಮಾತ್ರ ಎಲ್ಲರೂ ಟೀ ಶರ್ಟ್ ಹಾಕಿಕೊಂಡು ಹಾಜರ್. ಫೋಟೊ ಆದ ಮೇಲೆ ಸೈಕಲ್ ಲಾರಿಗೆ, ಅವರು ಕಾರಿಗೆ.

ಸೈಕಲ್ ಸವಾರರ ರಕ್ಷಣೆಗೆ ಸರ್ಕಾರ ಕೂಡಲೇ ಒಂದು ಕಾನೂನು ತರಬೇಕು. ಅದು ಆಗಲ್ಲ ಅಂದರೆ ಇರುವ ಸೆಕ್ಷನ್‌ಗಳನ್ನಾದರೂ ಠಾಣೆಯವರಿಗೆ ಓದಿಸಬೇಕು. ಗುಂಡಿ ಅಗೆದವರ ಮೇಲೂ ಕ್ರಮ ಆಗಬೇಕು, ಮೋರಿಯವರ ಮೇಲೂ. ಸರ್ಕಾರದವರೇ, ಇದ್ಯಾವುದೂ ನಿಮ್ಮ ಕೈಲಾಗದಿದ್ದರೆ, ಪರಿಸರ ಉಳಿಸಿ, ಸೈಕಲ್ ತುಳಿಯಿರಿ ಅಂತ ಬೋರ್ಡ್ ಹಾಕುವುದನ್ನಾದರೂ ನಿಲ್ಲಿಸಿ ಸ್ವಾಮಿ. ತುಳಿಯಿರಿ ಅನ್ನುವವರು ನೀವು, ಪೆಟ್ಟು ತಿನ್ನುವವರು ನಾವು. ನಾಚಿಕೆ ಆಗಲ್ವಾ?

ಇಂತಿ,
ಒಬ್ಬ ಸೈಕಲ್ ಸವಾರ, ಬೆಂಗಳೂರು