ಮೂಕಿ ಚಿತ್ರದ ಓಟ: ತಪ್ಪು ಕ್ಯಾಮೆರಾದ್ದಲ್ಲ

ಮಾನ್ಯರೇ,

ಹಳೆಯ ಹಾಲಿವುಡ್ ಹಾಸ್ಯಚಿತ್ರಗಳಲ್ಲಿ ಎಲ್ಲರೂ ದಡಬಡನೆ ಓಡಾಡುವುದು ಆಗಿನ ಕ್ಯಾಮೆರಾಗಳ ದೋಷ ಎಂದು ನಿಮ್ಮ ಸಿನಿಮಾ ಪುರವಣಿಯ ಲೇಖನ ಹೇಳಿದೆ. ದೋಷ ಬಹುಮಟ್ಟಿಗೆ ಇಂದು ತೋರಿಸುವವರದ್ದು.

1918ರ ಜನವರಿಯಲ್ಲಿ ತೆರೆಕಂಡ 'ಔಟ್ ವೆಸ್ಟ್' ನೋಡಿ. ರಾಸ್ಕೋ ಆರ್ಬಕಲ್ ನಿರ್ದೇಶಿಸಿ ನಟಿಸಿದ, ಎರಡೇ ರೀಲಿನ ಕೌಬಾಯ್ ಅಣಕ. ಬಾರ್ ಮಾಲೀಕ ಬಸ್ಟರ್ ಕೀಟನ್, ಖಳ ಆಲ್ ಸೇಂಟ್ ಜಾನ್. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್ (ಒಂದೊಂದು ಬಿಡಿ ಚಿತ್ರ), ತುಂಬಿದ ರೀಲಿಗೆ ಸುಮಾರು 1,000 ಅಡಿ. ಸೆಕೆಂಡಿಗೆ 16 ಫ್ರೇಮಿನಂತೆ ಓಡಿಸಿದರೆ ಒಂದು ರೀಲಿಗೆ ಹದಿನಾರೂವರೆ ನಿಮಿಷ ದಾಟುತ್ತದೆ. ಟಾಕಿ ಚಿತ್ರಗಳ 24ರ ವೇಗದಲ್ಲಿ 11 ನಿಮಿಷಕ್ಕೇ ಮುಗಿಯುತ್ತದೆ. ಕ್ಯಾಮೆರಾ ಹಿಡಿಕೆಯನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಹೊಡೆದಾಟ, ಬೆನ್ನಟ್ಟುವಿಕೆ ಬಂದಾಗ ಬೇಕೆಂದೇ ನಿಧಾನ ತಿರುಗಿಸಿ, ಸೆಕೆಂಡಿಗೆ ಕಡಿಮೆ ಫ್ರೇಮ್ ಹಿಡಿದು, ತೆರೆಯ ಮೇಲೆ ಚುರುಕು ತರಿಸುವುದೂ ಇತ್ತು. ಅದನ್ನೇ 24ರಲ್ಲಿ ಓಡಿಸಿದರೆ ಉಳಿಯುವುದು ಬರೀ ಗಡಿಬಿಡಿ.

ಇದರಿಂದ ಹಾಳಾಗುವುದು ನಗು. ಸೇಂಟ್ ಜಾನ್ ತಲೆಯ ಮೇಲೆ ಬಾಟಲಿಯ ಮೇಲೆ ಬಾಟಲಿ ಒಡೆದರೂ ಅವನು ಜಗ್ಗುವುದಿಲ್ಲ. ಕೊನೆಗೆ ಕಚಗುಳಿಗೆ ಸೋಲುತ್ತಾನೆ. ಬಾಟಲಿ ಒಡೆದ ಮೇಲೆ ಏನೂ ಆಗದ ಆ ಒಂದು ಕ್ಷಣವೇ ಹಾಸ್ಯ. ವೇಗ ಹೆಚ್ಚಿದರೆ ಮೊದಲು ಮಾಯವಾಗುವುದು ಅದೇ. ಮಾತಿನ ಬದಲು ತೋರಿಸುವ, ಆರು ಸೆಕೆಂಡು ನಿಲ್ಲಬೇಕಾದ ಬರಹದ ಫಲಕವೂ ನಾಲ್ಕೇ ಸೆಕೆಂಡಿಗೆ ಸರಿದುಹೋಗುತ್ತದೆ.

ಪ್ರದರ್ಶನ ಏರ್ಪಡಿಸುವವರು ಕಂಪ್ಯೂಟರಿನಲ್ಲಿ ವೇಗವನ್ನು ಮೂಲದ ಶೇ 75–85ರಷ್ಟಕ್ಕೆ ಇಳಿಸಿ ನೋಡಲಿ. ಹೊಡೆದಾಟ ನೋಡಿ ವೇಗ ಗೊತ್ತುಮಾಡಬಾರದು, ಸುಮ್ಮನೆ ನಡೆದುಹೋಗುವವರ ಹೆಜ್ಜೆ ನೋಡಬೇಕು. ಒಟ್ಟು ಅವಧಿಯನ್ನೂ ನಂಬುವಂತಿಲ್ಲ, ಹಳೆಯ ಪ್ರತಿಗಳಲ್ಲಿ ತುಣುಕುಗಳು ಕಳೆದುಹೋಗಿರುತ್ತವೆ. ಕೆಲವು ಪ್ರತಿಗಳ ವೇಗ ಮೊದಲೇ ಸರಿಯಾಗಿರುತ್ತದೆ, ಅವನ್ನು ಮುಟ್ಟಬೇಡಿ. ವೇಗ ಇಳಿಸಿದರೆ ಅದರ ಜೊತೆಗಿನ ಸಂಗೀತ ಎಳೆದಾಡುತ್ತದೆ, ಹಾಗಾಗಿ ಧ್ವನಿ ನಿಲ್ಲಿಸಿ ಬೇರೆ ಪಿಯಾನೊ ಸಂಗೀತ ಹಾಕುವುದು ಲೇಸು. ಫಲಕಗಳ ಎಡತುದಿಯ ಅಕ್ಷರ ಕತ್ತರಿಸಿದ್ದರೆ ಅದು ಫಿಲ್ಮಿನ ಅಂಚಿನಲ್ಲಿ ಧ್ವನಿ ಮುದ್ರಿಸುವ ಪಟ್ಟಿಗೆ ಜಾಗ ಬಿಟ್ಟು ಮುದ್ರಿಸಿದ ಪ್ರತಿ, ಬೇರೆ ಹುಡುಕಿ.

ಮಕ್ಕಳಿಗೆ ತೋರಿಸುವುದಾದರೆ ಇನ್ನೊಂದು ಮಾತು. ಬಾರಿನಲ್ಲಿ ಕಪ್ಪುವರ್ಣೀಯನೊಬ್ಬನ ಕಾಲಬುಡಕ್ಕೆ ಗುಂಡು ಹಾರಿಸಿ ಕುಣಿಸುವ ಹೇಯ ದೃಶ್ಯ ಚಿತ್ರದಲ್ಲಿದೆ. ಅದನ್ನು ತಡೆಯಲೆಂದೇ ನಾಯಕಿ ಆಲಿಸ್ ಲೇಕ್ ಒಳಬರುವುದರಿಂದ, ಕತ್ತರಿಸಿದರೆ ಮುಂದಿನ ಕಥೆ ಕೂಡುವುದಿಲ್ಲ. ಪ್ರದರ್ಶನಕ್ಕೆ ಮೊದಲೇ ಅದರ ಬಗ್ಗೆ ಎರಡು ಮಾತು ಹೇಳಿ ಇದ್ದಂತೆಯೇ ತೋರಿಸಬಹುದು. ತೀರಾ ಚಿಕ್ಕ ಮಕ್ಕಳಿಗಾದರೆ ಬೇರೆ ಚಿತ್ರ ಆರಿಸಿಕೊಳ್ಳಿ.

– ಚಿತ್ರಸಮಾಜದ ಕೆಲವು ಸದಸ್ಯರು, ಮೈಸೂರು