ಸುಲಭ ಭಾಷೆಯ ತಂತ್ರಾಂಶ ಮಾರಾಟಕ್ಕೆ ಅನರ್ಹವಲ್ಲ

ಮಾನ್ಯ ಸಂಪಾದಕರೇ,

ಪೈಥಾನ್, ವಿಷುವಲ್ ಬೇಸಿಕ್‌ನಂತಹ ಪ್ರೋಗ್ರಾಮಿಂಗ್ ಭಾಷೆಗಳು ಕಲಿಕೆಗಷ್ಟೇ ಸರಿ, ಅವುಗಳಲ್ಲಿ ಬರೆದ ತಂತ್ರಾಂಶವನ್ನು ಮಾರಲು ಹೊರಟರೆ ಕೋಡ್ ಕಂಡವರ ಪಾಲಾಗುತ್ತದೆ ಎಂಬ ಮಾತು ಮಂಗಳೂರು, ಉಡುಪಿಯ ವಿದ್ಯಾರ್ಥಿಗಳ ಬಾಯಲ್ಲಿ ಪದೇ ಪದೇ ಕೇಳಿಬರುತ್ತಿದೆ. ಸಹಕಾರಿ ಸಂಘಗಳಿಗೆ, ಅಂಗಡಿಗಳಿಗೆ ತಂತ್ರಾಂಶ ಮಾಡಿಕೊಡುವ ವೃತ್ತಿಯಲ್ಲಿರುವ ನನಗೆ ಈ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ ಎನಿಸುತ್ತದೆ.

ಭಾಷೆ ಕಲಿಯಲು ಸುಲಭವೇ ಎಂಬುದು ಒಂದು ಪ್ರಶ್ನೆ; ಅದರಲ್ಲಿ ಬರೆದದ್ದು ಗ್ರಾಹಕರ ಕಂಪ್ಯೂಟರಿಗೆ ಯಾವ ರೂಪದಲ್ಲಿ ತಲುಪುತ್ತದೆ ಎಂಬುದು ಇನ್ನೊಂದು. ಬೇಸಿಕ್ ಭಾಷೆಯನ್ನು 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ರೂಪಿಸಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸುವಂತಾಗಲಿ ಎಂದು. 1975ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಮಾರಿದ ಮೊದಲ ಸರಕೇ ಬೇಸಿಕ್. ಪಾಠ ಹೇಳುವುದಕ್ಕೆಂದೇ ನಿಕ್ಲಾಸ್ ವಿರ್ತ್ ರೂಪಿಸಿದ ಪ್ಯಾಸ್ಕಲ್‌ನಿಂದ ಬೆಳೆದ ಡೆಲ್ಫಿ ಎಂಬ ಭಾಷೆಯಲ್ಲಿ ಇಂಟರ್ನೆಟ್ ಕರೆಯ ತಂತ್ರಾಂಶ ಸ್ಕೈಪ್‌ನ ವಿಂಡೋಸ್ ಆವೃತ್ತಿ ಸಿದ್ಧವಾಯಿತು, ಮತ್ತು ಅದರ ಒಳಗನ್ನು ಬಿಡಿಸಿ ನೋಡಲು ಭದ್ರತಾ ಸಂಶೋಧಕರೇ ಬಹಳ ಹೆಣಗಬೇಕಾಯಿತು. ಇತ್ತ, ಯಾರೂ ಎಳೆಯರ ಭಾಷೆ ಎನ್ನದ ಜಾವಾ, ಸಿ ಶಾರ್ಪ್‌ಗಳಲ್ಲಿ ಬರೆದದ್ದು ಮೂಲ ಬರಹಕ್ಕೂ ಯಂತ್ರಭಾಷೆಗೂ ನಡುವಿನ ಮಧ್ಯಂತರ ಕೋಡ್ ರೂಪದಲ್ಲಿ ಹೋಗುವುದರಿಂದ, ಕೋಡನ್ನು ಹಿಂದಕ್ಕೆ ಬಿಡಿಸುವ, ಉಚಿತವಾಗಿ ಸಿಗುವ ಡಿಕಂಪೈಲರ್‌ನಿಂದ ಬಹುತೇಕ ಮೂಲದಂತೆಯೇ ಹೊರಬರುತ್ತದೆ.

ಪೈಥಾನ್ ವಿಷಯದಲ್ಲಿ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಪೈಇನ್‌ಸ್ಟಾಲರ್ ಎಂಬ ಸಾಧನದಿಂದ ಮಾಡಿದ, ನೇರವಾಗಿ ಓಡಿಸಬಹುದಾದ ಇಎಕ್ಸ್‌ಇ ಫೈಲ್ ಹೊರಗಿನಿಂದ ಗಟ್ಟಿಯಾಗಿ ಕಂಡರೂ, ಒಳಗಿರುವುದು ಪ್ರೋಗ್ರಾಮನ್ನು ಓದಿ ನಡೆಸುವ ಪೈಥಾನ್ ಇಂಟರ್‌ಪ್ರಿಟರ್ ಮತ್ತು ನಮ್ಮ ಪ್ರೋಗ್ರಾಮಿನ ಮಧ್ಯಂತರ ರೂಪವಾದ ಬೈಟ್‌ಕೋಡ್‌ನ ಒಂದು ಕಟ್ಟು ಮಾತ್ರ. ಅದನ್ನು ಬಿಚ್ಚಿದರೆ ಫಂಕ್ಷನ್‌ಗಳ ಹೆಸರು, ಪರದೆಯ ಮೇಲೆ ತೋರಿಸುವ ಸಂದೇಶ, ಅವಸರದಲ್ಲಿ ಕೋಡಿನಲ್ಲೇ ಬರೆದಿಟ್ಟ ಡೇಟಾಬೇಸ್ ಪಾಸ್‌ವರ್ಡ್ ಎಲ್ಲವೂ ಓದುವ ಹಾಗೆಯೇ ಸಿಗುತ್ತವೆ. ಸಿ ಪ್ಲಸ್ ಪ್ಲಸ್‌ನಲ್ಲಿ ಹೆಸರುಗಳು ಅಳಿದು ಯಂತ್ರಭಾಷೆ ಉಳಿಯುವುದರಿಂದ ಕೆಲಸ ಕಷ್ಟ, ಆದರೆ ಅಸಾಧ್ಯವಲ್ಲ; ಅದನ್ನು ಬಿಡಿಸುವ ಗಿಡ್ರಾ ಎಂಬ ಸಾಧನವನ್ನು ಅಮೆರಿಕದ ಗುಪ್ತಚರ ಸಂಸ್ಥೆಯೇ 2019ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದೆ. ಲೈಸೆನ್ಸ್ ಪರೀಕ್ಷೆ ಯಾವ ಭಾಷೆಯಲ್ಲಿದ್ದರೂ ಕೊನೆಗೆ ಹೌದು ಅಥವಾ ಅಲ್ಲ ಎಂಬ ಒಂದು ತೀರ್ಮಾನವಷ್ಟೇ, ಅದನ್ನು ತಿರುಗಿಸಿಬಿಟ್ಟರೆ ಬೀಗ ತೆರೆದಂತೆ. ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇರಿಸಿಕೊಡುವ ಡ್ರಾಪ್‌ಬಾಕ್ಸ್ ಕಂಪನಿ ಪೈಥಾನ್‌ನಲ್ಲಿ ಬರೆದ ತನ್ನ ತಂತ್ರಾಂಶವನ್ನು ಮಾರ್ಪಡಿಸಿದ ಇಂಟರ್‌ಪ್ರಿಟರ್ ಮತ್ತು ಗೂಢಲಿಪಿಯಿಂದ ಮುಚ್ಚಿಟ್ಟಿತ್ತು. 2013ರಲ್ಲಿ ಇಬ್ಬರು ಸಂಶೋಧಕರು ಅದನ್ನೂ ಬಿಡಿಸಿ ತೋರಿಸಿದರು. ಕಂಪನಿಯ ವ್ಯವಹಾರ ಅದರಿಂದ ನಿಲ್ಲಲಿಲ್ಲ.

ನಿಲ್ಲದಿರಲು ಕಾರಣವಿದೆ, ಮತ್ತು ಅದು ನಮ್ಮೂರಿನ ಸಣ್ಣ ತಯಾರಕರಿಗೂ ಅನ್ವಯಿಸುತ್ತದೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ನಮ್ಮ ಉಡುಪಿಯಿಂದ ಆರಂಭಿಸಿದ ಪಿಗ್ಮಿ ಠೇವಣಿಯ ಬಡ್ಡಿ ಲೆಕ್ಕದಲ್ಲಿ ಗುಟ್ಟೆಂಬುದೇನೂ ಇಲ್ಲ. ಪಿಗ್ಮಿ ತಂತ್ರಾಂಶ ಕೊಳ್ಳುವ ಸೊಸೈಟಿ ದುಡ್ಡು ಕೊಡುವುದು ಆ ಲೆಕ್ಕದ ಸಾಲುಗಳಿಗಲ್ಲ. ಸಂಗ್ರಾಹಕರ ಮೊಬೈಲಿನ ಮೊತ್ತ ಸಂಜೆಯ ನಗದಿಗೆ ತಾಳೆಯಾಗದಿದ್ದಾಗ ಫೋನ್ ಎತ್ತುವುದಕ್ಕೆ, ಮಾರ್ಚ್ ಕೊನೆಯಲ್ಲಿ ಪಕ್ಕದಲ್ಲಿ ಕುಳಿತು ಲೆಕ್ಕ ಮುಗಿಸಿಕೊಡುವುದಕ್ಕೆ, ನಿಯಮ ಬದಲಾದಾಗ ಕಾಲಕ್ಕೆ ಸರಿಯಾಗಿ ತಿದ್ದಿಕೊಡುವುದಕ್ಕೆ. ಕೋಡ್ ಕದ್ದವನಿಗೆ ಇದಾವುದೂ ಸಿಗುವುದಿಲ್ಲ. ನಿಜವಾಗಿ ಮುಚ್ಚಿಡಬೇಕಾದ ಅಪರೂಪದ ಲೆಕ್ಕಾಚಾರವಿದ್ದರೆ ಅದನ್ನು ಸ್ವಂತ ಸರ್ವರ್‌ನಲ್ಲಿರಿಸಿ, ಗ್ರಾಹಕರ ಕಂಪ್ಯೂಟರಿಗೆ ಉತ್ತರವನ್ನಷ್ಟೇ ಕಳಿಸುವುದು ಯಾವ ಗೂಢಲಿಪಿಗಿಂತಲೂ ಭದ್ರ.

ಉಳಿದದ್ದಕ್ಕೆ ಕಾನೂನಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯಲ್ಲಿ ಸೇರುತ್ತದೆ, ನೋಂದಣಿ ಇಲ್ಲದೆಯೂ ಹಕ್ಕು ಬರೆದವರದೇ. ಕೃತಿಸ್ವಾಮ್ಯ ಉಲ್ಲಂಘಿಸಿದ ಪ್ರತಿಯೆಂದು ತಿಳಿದೂ ವ್ಯಾಪಾರಕ್ಕೆ ಬಳಸಿದವರಿಗೆ 63ಬಿ ವಿಧಿಯಡಿ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಕಾಗದದ ಮೇಲೆ ಒಂದು ಪುಟದ ಒಪ್ಪಂದವನ್ನೂ ಮಾಡಿಕೊಳ್ಳದೆ ತಂತ್ರಾಂಶ ಕೊಟ್ಟುಬಿಡುವ ನಮ್ಮ ಯುವಕರಿಗೆ ಇದನ್ನು ಯಾರೂ ಹೇಳಿಕೊಡುತ್ತಿಲ್ಲ.

ಆದ್ದರಿಂದ ಎರಡೂ ಜಿಲ್ಲೆಗಳ ಎಂಜಿನಿಯರಿಂಗ್ ಮತ್ತು ಪದವಿ ಕಾಲೇಜುಗಳಲ್ಲಿ ನನ್ನದೊಂದು ಕೋರಿಕೆಯಿದೆ. ಅಂತಿಮ ವರ್ಷದ ಪ್ರಾಜೆಕ್ಟ್ ಯಾವ ಭಾಷೆಯಲ್ಲಿದೆ ಎಂದು ಕೇಳುವ ಪರೀಕ್ಷಕರು, ವಿದ್ಯಾರ್ಥಿ ತಂದ ಇಎಕ್ಸ್‌ಇ ಫೈಲನ್ನು ಅವನ ಕೈಯಿಂದಲೇ ಬಿಚ್ಚಿಸಿ, ಅದರಲ್ಲಿ ಪಾಸ್‌ವರ್ಡ್ ಉಳಿದಿದೆಯೇ ಎಂದು ನೋಡಿ ಅದಕ್ಕೂ ಅಂಕ ಕೊಡಲಿ.

– ತಂತ್ರಾಂಶ ತಯಾರಕ, ಕುಂಜಿಬೆಟ್ಟು, ಉಡುಪಿ